ಕಿಟಕಿಯ ಕೆಳಗಿನ ಅಂಗಳ

"ಹೀಲ್ಸ್ ತೆಗೆದುಬಿಡಮ್ಮಾ, ಕಲ್ಲು ಜಾರುತ್ತೆ" ಎಂದು ನಳಿನಾಕ್ಷಿ ಹೇಳಿದಾಗ ಚನ್ನಬಸಮ್ಮನವರ ಕಿವಿ ನೆಟ್ಟಗಾಯಿತು. ಅಲ್ಹಾಂಬ್ರಾ ಅರಮನೆಯಲ್ಲಿ ಆಗಸ್ಟಿನ ಬಿಸಿಲು. ಉದ್ದನೆಯ ಕೊಳದ ಸುತ್ತ ಹಾಸುಗಲ್ಲೆಲ್ಲ ಒಣಗಿ ಬಿದ್ದಿತ್ತು, ಜಾರುವುದೆಲ್ಲಿಂದ ಬಂತು? ಮೊಮ್ಮಗಳು ಸೌಜನ್ಯಾ, ಪಾಪ, ಚಪ್ಪಲಿ ಕೈಗೆತ್ತಿಕೊಂಡಳು. ನಳಿನಾಕ್ಷಿ ಅವಳನ್ನು ತಮ್ಮ ಮಗ ಬಸವಕಿರಣನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಎತ್ತರ ಅಳೆದದ್ದಲ್ಲದೆ ಮತ್ತೇನು?

ಅಮೆರಿಕದ ಪಿಸ್ಕಾಟವೇಯಿಂದ ಹೊರಟಾಗಲೇ ಅನುಮಾನ ಹುಟ್ಟಿತ್ತು. ಕಂಪ್ಯೂಟರುಗಳ ವೈ-ಟು-ಕೆ ಗಲಾಟೆ ಮುಗಿದು ಆಫೀಸಿನಲ್ಲಿ ರಜೆ ಸಿಕ್ಕಿದೆ, ಗ್ರೂಪ್ ಟಿಕೆಟ್ ಅಗ್ಗ, ಅದಕ್ಕೇ ಫ್ಲೋರಲ್ ಪಾರ್ಕಿನ ನಳಿನಾಕ್ಷಿಯ ಮನೆಯವರ ಜೊತೆ ಸ್ಪೇನ್ ಎಂದಿದ್ದಳು ಮಗಳು ಸ್ಮಿತಾ. ಆದರೆ ಸೌಜನ್ಯಾಳಿಗೆ ಹೊಸ ಚೂಡಿದಾರ ಏಕೆ? ಬಸ್ಸಿನಲ್ಲಿ ಸೀಟು ಅದಲುಬದಲು ಏಕೆ? ಕೇಳಿದರೆ, "ಸುಮ್ನ ಟ್ರಿಪ್ ಅವ್ವಾ, ನಿನಗ ಎಲ್ಲಾದರಾಗೂ ಡೌಟು" ಎಂದು ಹಾರಿಸಿದ್ದಳು. ಮದುವೆಯ ಮಾತು ತಾನಾಗಿ ಎತ್ತುವ ತನಕ ಯಾರೂ ಎತ್ತಕೂಡದು ಎಂದು ಸೌಜನ್ಯಾ ಆ ವಸಂತದಲ್ಲೇ ತಾಯಿಯಿಂದ ಮಾತು ತೆಗೆದುಕೊಂಡಿದ್ದಳು.

ಚನ್ನಬಸಮ್ಮನವರಿಗೆ ಹದಿನಾರಿರುವಾಗ ಹುಬ್ಬಳ್ಳಿಯ ಸೋದರತ್ತೆ, ತುಂಬಿದ ಕೊಡಗಳಿದ್ದರೂ ನಾಲ್ಕು ಸಲ ಬಾವಿಗೆ ಕಳಿಸಿದ್ದರು. ಎದುರುಮನೆಯ ಅಟ್ಟದ ಕಿಟಕಿಯಿಂದ ಗಂಡಿನ ಕಡೆಯವರು ನೋಡುತ್ತಿದ್ದರೆಂದು ಗೊತ್ತಾದದ್ದು ಮದುವೆಯಾದ ಮೇಲೆ, ಗಂಡ ನಗುತ್ತಾ ಹೇಳಿದಾಗ. ಒಳ್ಳೆಯ ಮನುಷ್ಯ. ಆದರೂ ಅಂದಿನಿಂದ ನೀರಿನ ಹತ್ತಿರ ಹೋದರೆ ಸಾಕು, ಅವರ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

ಕಿತ್ತಳೆ ಗಿಡಗಳ ಚಿಕ್ಕ ಅಂಗಳಕ್ಕೆ ಬಂದಾಗ ಮೂವರೇ ಉಳಿದಿದ್ದರು. ಮಿಕ್ಕವರು ಗೈಡಿನ ಜೊತೆ ಮುಂದೆ ಹೋಗಿದ್ದರು, ತಾಯಂದಿರಿಬ್ಬರೂ "ನೀವು ನಡೀರಿ" ಎಂದು ಮೇಲೆಯೇ ಹಿಂದುಳಿದಿದ್ದರು. ಕಲ್ಲಿನ ಕಟ್ಟೆ ಕಾದಿದೆಯೆಂದು ಬಸವಕಿರಣ್ ಸೊಂಟಕ್ಕೆ ಕಟ್ಟಿದ್ದ ತನ್ನ ಜಾಕೆಟ್ ಬಿಚ್ಚಿ, ಮಡಿಸಿ ಹಾಸಿ ಅಜ್ಜಿಯನ್ನು ಕೂರಿಸಿದ. ನೀರಿನ ಬಾಟಲಿಯ ಮುಚ್ಚಳ ತಾನೇ ತಿರುವಿ ಕೊಟ್ಟ. ಇದೂ ಹೇಳಿಕೊಟ್ಟ ಪಾಠವೇ?

"ನಿನಗ ಹೇಳಿ ಕರ್ಕೊಂಡು ಬಂದಾರೇನಪಾ?"

"ಏನನ್ನ ಅಜ್ಜಿ? ಅಪ್ಪ-ಅಮ್ಮಂದು ಥರ್ಟಿಯತ್ ಆನಿವರ್ಸರಿ, ಅದಕ್ಕೇ ಟ್ರಿಪ್ ಅಂದ್ರು."

ಒಂದು ಮನೆಗೆ ಅಗ್ಗದ ಟಿಕೆಟ್ಟು, ಇನ್ನೊಂದಕ್ಕೆ ಆನಿವರ್ಸರಿ. ಹುಡುಗನ ಮುಖದಲ್ಲಿ ಕಪಟವಿರಲಿಲ್ಲ.

ಆ ಹೊತ್ತಿಗೆ ಬರಿಗಾಲಿನ ಸೌಜನ್ಯಾ ಕಾರಂಜಿಯ ಮುಂದೆ ಬಗ್ಗಿ, ನೀರಿನಲ್ಲಿ ಅಂಗೈ ಇಟ್ಟಳು. ಚನ್ನಬಸಮ್ಮನವರ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ರಾಣಿಯರು ಅಲ್ಲಿ ಕೂತು ಯಾರಿಗೂ ಕಾಣದಂತೆ ತೋಟ ನೋಡುತ್ತಿದ್ದರೆಂದು ಗೈಡ್ ತೋರಿಸಿದ್ದ ಕಮಾನಿನ ಕಿಟಕಿ. ಅದರಲ್ಲಿ ನಳಿನಾಕ್ಷಿಯ ಹಳದಿ ದುಪಟ್ಟಾ. ಅದರ ಪಕ್ಕ ಸ್ಮಿತಾಳ ಕಪ್ಪು ಕನ್ನಡಕ.

ಹೇಳಿದರೆ ಮಗಳು ಊರು ಮುಟ್ಟುವ ತನಕ ಮಾತು ಬಿಡುತ್ತಾಳೆ. ಬಾಟಲಿಯ ಮುಚ್ಚಳವನ್ನು ಅವರು ಎರಡು ಸಲ ಬಿಗಿ ಮಾಡಿದರು.

"ಸೌಜನ್ಯಾ, ಬಾ ಇಲ್ಲೆ. ಚಪ್ಪಲಿ ಮೆಟ್ಟಿಕೋ."

"ವೈ, ಅಜ್ಜಿ?"

"ಮ್ಯಾಲೆ ಕಿಟಕ್ಯಾಗ ನಿಮ್ಮವ್ವ ಅದಾಳ, ಇವನ ಅವ್ವನೂ ಅದಾರ. ಟ್ರಿಪ್ ಅಲ್ಲ ಇದು, ಹೆಣ್ಣು ನೋಡೋದು. ನಿಮಗಿಬ್ಬರಿಗೂ ಹೇಳಿಲ್ಲ. ನನಗೂ ಹಿಂಗ ಯಾರೂ ಹೇಳಿರಲಿಲ್ಲ."

ಬಸವಕಿರಣನ ಕಿವಿಗಳು ಕೆಂಪಾದವು. ಸೌಜನ್ಯಾ ಅವನನ್ನೇ ದಿಟ್ಟಿಸಿ, ಗೊತ್ತಿತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ಅವಳು ಕಟ್ಟೆಯ ಒಂದು ತುದಿಗೆ ಕೂತು ಚಪ್ಪಲಿಯ ಪಟ್ಟಿ ಬಿಗಿದಳು. ಅವನು ಅಜ್ಜಿಯನ್ನು ನಡುವೆ ಬಿಟ್ಟು ಇನ್ನೊಂದು ತುದಿಗೆ ಕೂತ.

ಆಮೇಲೆ ಸೌಜನ್ಯಾ ತಲೆಯೆತ್ತಿ ಕಿಟಕಿಯನ್ನು ನೇರವಾಗಿ ನೋಡಿದಳು. ಅವನೂ ನೋಡಿದ. ಚನ್ನಬಸಮ್ಮನವರೂ ಸೆರಗು ಸರಿಮಾಡಿಕೊಂಡು ನೋಡಿದರು.

ಹಳದಿ ದುಪಟ್ಟಾ ಸರಕ್ಕನೆ ಒಳಗೆ ಸರಿಯಿತು. ಕಪ್ಪು ಕನ್ನಡಕ ಮಾತ್ರ ಇನ್ನೊಂದು ಗಳಿಗೆ ಅಲ್ಲೇ ನಿಂತಿತು.