ಕಾಟಾ ದಾಟಿಸುವ ವಿದ್ಯೆ

ಮೂವತ್ತು ವರ್ಷ ಲಾರಿ ಓಡಿಸಿದವನ ಮೈಯನ್ನು ಯಾರೂ ತಪಾಸಣೆ ಮಾಡಬಾರದು. ಡಾಕ್ಟರಂತೂ ಮಾಡಲೇಬಾರದು. ದಾಂಡೇಲಿಯಿಂದ ದಿಲ್ಲಿಗೆ ಕಾಗದದ ರೀಲು ಒಯ್ದು, ಅಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು ವಾಪಸು ಬರಲು ಹದಿನೈದು ದಿನ. ಆ ಹದಿನೈದು ದಿನ ನಾನು ಯಾವಾಗ ಉಂಡೆ, ಎಲ್ಲಿ ಮಲಗಿದೆ, ಎಷ್ಟು ಊರು ದಾಟುವ ತನಕ ಉಚ್ಚೆ ತಡೆದುಕೊಂಡು ಕೂತೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಚಹಾ ಮಾತ್ರ ಲೆಕ್ಕವಿಲ್ಲದಷ್ಟು ಕುಡಿಯುತ್ತೇನೆ, ಪ್ರತಿ ಕಪ್ಪಿಗೂ ಮೂರು ಚಮಚ ಸಕ್ಕರೆ. ಹಳಿಯಾಳದ ಮನೆಗೆ ಬಂದು ಮಲಗಿದರೆ ಮಂಚ ಅಲುಗಾಡುವುದಿಲ್ಲ, ಹಾಗಾಗಿ ನಿದ್ದೆ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಿವಗಂಗವ್ವ ಕಾಲಿನಿಂದ ಮಂಚ ಅಲ್ಲಾಡಿಸಿ ಮಲಗಿಸುತ್ತಿದ್ದಳು. ಈಗ "ಹೋಗ್ರಿ, ಲಾರ್ಯಾಗ ಮಕ್ಕೋರಿ" ಎನ್ನುತ್ತಾಳೆ.

ಇಂಥ ನನಗೆ ನಮ್ಮ ಲಾರಿ ಮಾಲೀಕ ಸಿದ್ದಲಿಂಗ ಒಂದು ಬುಧವಾರ ಫೋನ್ ಮಾಡಿದ.

"ಉಳವಪ್ಪಾ, ಐವತ್ತು ದಾಟಿದ ಡ್ರೈವರ್ ಎಲ್ಲಾರೂ ಡಾಕ್ಟರ್ ಕಡಿಂದ ಚೀಟಿ ತರಬೇಕು. ಭಾನುವಾರ ದಾಂಡೇಲಿ ಲಾರಿ ಸ್ಟ್ಯಾಂಡಿನ್ಯಾಗ ಕ್ಯಾಂಪ್ ಐತಿ. ಚೀಟಿ ತಂದ್ರ ಸೋಮವಾರ ದಿಲ್ಲಿ ಲೋಡು. ಇಲ್ಲಾಂದ್ರ ನಮ್ಮ ಗೇಟಿನ್ಯಾಗ ಕುರ್ಚಿ ಹಾಕಸ್ತೇನಿ, ಕುಂಡ್ರು."

ಗೇಟಿನ ಕುರ್ಚಿಯಂತೆ! ಅಲ್ಲಿ ಕೂತು ಹೋಗುವ ಬರುವ ಲಾರಿಗಳ ನಂಬರು ಬರೆಯುವುದಕ್ಕಿಂತ ಸೂಪಾ ಡ್ಯಾಮಿನಲ್ಲಿ ಮೀನಾಗಿ ಇರುವುದು ಮೇಲು. ಸ್ಟೇರಿಂಗ್ ಹಿಡಿಯದ ಉಳವಪ್ಪ ಹೇಗಿರುತ್ತಾನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ತೊಂದರೆ ಏನೆಂದರೆ, ನನಗೆ ಸಕ್ಕರೆ ಕಾಯಿಲೆ ಇತ್ತು. ಎರಡು ವರ್ಷದ ಹಿಂದೆ ನಾಗಪುರದ ಹತ್ತಿರ ಒಬ್ಬ ಕಂಪೌಂಡರ್ ಹೇಳಿದ್ದ. ಆ ಮಾತನ್ನು ನಾಗಪುರದಲ್ಲೇ ಇಳಿಸಿ ಬಂದಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮುಂಡಗೋಡಿನ ಜ್ಯೋತಿಬಾ ನನ್ನ ಹಾಗೆಯೇ ದಿಲ್ಲಿ ಲೈನಿನವನು. ಅವನಿಗೆ ಫೋನ್ ಹಚ್ಚಿದರೆ ಹೊಟ್ಟೆ ತುಂಬ ನಕ್ಕ.

"ಕಾಟಾ ಮುಂದ ಏನ್ ಮಾಡ್ತಿ? ಅದನ್ನ ಮಾಡಲೇ!"

ಕಾಟಾ ಎಂದರೆ ಲಾರಿ ತೂಗುವ ಜಾಗ. ಮಾಲು ಹೆಚ್ಚು ಹೇರಿದ್ದರೆ ನಾವು ಹಿಂದಿನ ತಿರುವಿನಲ್ಲೇ ಒಂದಿಷ್ಟು ಕೆಳಗಿಳಿಸಿ, ಹಗುರಾಗಿ ತೂಗಿಸಿಕೊಂಡು, ಆಮೇಲೆ ಮತ್ತೆ ಹೇರಿಕೊಳ್ಳುತ್ತೇವೆ. "ಸಕ್ಕರಿನೂ ಹಂಗ," ಎಂದ ಜ್ಯೋತಿಬಾ. "ನಾಕ ದಿನ ಕೆಳಗ ಇಳಸು. ತೂಗಿಸ್ಕೊ. ಆಮ್ಯಾಲ ಜಿಲೇಬಿ ತಿನ್ನು." ಅಬ್ಬಾ, ಎಂಥ ತಲೆ! ಈ ಮನುಷ್ಯ ಲಾರಿ ಓಡಿಸಿಕೊಂಡು ಹಾಳಾದ ಎಂದುಕೊಂಡೆ.

ಅಂದೇ ಊಟ ಬಿಟ್ಟೆ. ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ನೀರು. ಶಿವಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ಹರಕಿ ಹೊತ್ತೀರಿ?"

ಸುಳ್ಳು ಹುಡುಕುವ ಕಷ್ಟವನ್ನು ಅವಳೇ ತಪ್ಪಿಸಿದಳು. "ಹ್ಞೂಂ, ಉಳವಿ ಬಸವಣ್ಣಗ ಹೊತ್ತೇನಿ" ಎಂದೆ.

"ಯಾರ ಸಲುವಾಗಿ?"

"ನಿನ್ನ ಸಲುವಾಗಿ" ಎಂದು ಬಾಯಿಗೆ ಬಂದದ್ದನ್ನು ಹೇಳಿದೆ.

ಮೂವತ್ತು ವರ್ಷದಲ್ಲಿ ಒಂದು ಕುಪ್ಪಸದ ಕಣವನ್ನೂ ನಾನಾಗಿ ತಂದುಕೊಟ್ಟವನಲ್ಲ ನಾನು. ಅವಳ ಕಣ್ಣು ತುಂಬಿಬಂತು. "ಹಂಗಾರ ನಾನೂ ಹಿಡೀತೇನಿ" ಎಂದು ಅವಳೂ ಊಟ ಬಿಟ್ಟಳು! ಬೇಡ ಎಂದು ಹೇಳಲು ನನಗೆ ಯಾವ ದಾರಿಯೂ ಉಳಿಯಲಿಲ್ಲ.

ಎರಡನೆಯ ದಿನಕ್ಕೆ ನಮ್ಮಿಬ್ಬರ ನಡುವೆ ಚಮಚ ಎಲ್ಲಿಟ್ಟೆ ಎನ್ನುವುದಕ್ಕೂ ಜಗಳ ಬಿತ್ತು. ಮೂರನೆಯ ದಿನ ಪಕ್ಕದ ಮನೆಯವರು ಮಿರ್ಚಿ ಕರಿದರು. ಇಬ್ಬರೂ ಒಂದೇ ಕಿಟಕಿಯಲ್ಲಿ ಮೂಗು ಹೊರಗೆ ಹಾಕಿ ನಿಂತೆವು. "ನಿಮ್ಮ ಹರಕಿ ಸುಡ್ಲಿ!" ಎಂದಳು ಶಿವಗಂಗವ್ವ. ಆಮೇಲೆ ಹೆದರಿ, ಗಲ್ಲ ಗಲ್ಲ ಬಡಿದುಕೊಂಡು ಬಸವಣ್ಣನ ಕ್ಷಮೆ ಕೇಳಿದಳು. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ.

ಭಾನುವಾರ ಅವಳೂ ನನ್ನ ಜೊತೆ ದಾಂಡೇಲಿಗೆ ಹೊರಟಳು. ಕ್ಯಾಂಪ್ ಮುಗಿದ ಮೇಲೆ ಜೋಯಿಡಾದ ಮೇಲೆ ಹಾದು ಉಳವಿಗೆ ಹೋಗಿ ಹರಕೆ ತೀರಿಸುವುದು ಅವಳ ಹಂಚಿಕೆ. ಕೈಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ಲಾರಿ ಸ್ಟ್ಯಾಂಡಿನ ಆಫೀಸಿನಲ್ಲೇ ಕ್ಯಾಂಪು. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು. ಜ್ಯೋತಿಬಾ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ, ನನ್ನ ಬೆನ್ನು ತಟ್ಟಿ ಒಳಗೆ ಕಳಿಸಿದ.

ಡಾಕ್ಟರ್ ಮಧುಮತಿ ಎಂದು ಧಾರವಾಡದ ಹುಡುಗಿ. ಬೆರಳು ಚುಚ್ಚಿ, ಯಂತ್ರ ನೋಡಿ, "ನೂರಾ ಹದಿನೆಂಟು. ಅಡ್ಡಿಯಿಲ್ಲ" ಎಂದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಆಕೆ ಇನ್ನೊಂದು ಹನಿ ತೆಗೆದು ಇನ್ನೊಂದು ಯಂತ್ರಕ್ಕೆ ಹಾಕಿದಳು.

"ಇದರಾಗ ಹನ್ನೊಂದು ಬಂತು."

"ಹನ್ನೊಂದ! ಇನ್ನೂ ಕಡಿಮಿ ಆತಲ್ರಿ!"

"ಕಡಿಮಿ ಅಲ್ರಿ ಯಜಮಾನ್ರ. ಇದು ಆರರೊಳಗ ಇರಬೇಕು. ಹೊರಗ ನಿಮ್ಮ ಗೆಳ್ಯಾ ಕಾಟಾ ಕಾಟಾ ಅಂತ ಎಲ್ಲಾರಿಗೂ ಪಾಠ ಹೇಳಾಕತ್ತಾನ, ಕೇಳಿಸ್ಕೊಂಡೆ. ಇದು ಬ್ಯಾರೆ ಕಾಟಾ. ಮೂರು ತಿಂಗಳದಾಗ ಏನೇನು ಹೇರೀರಿ, ಎಲ್ಲಾ ತೋರಸ್ತೈತಿ."

ಜ್ಯೋತಿಬಾನ ಬಾಯಿಗೆ ಮಣ್ಣು ಬೀಳಲಿ! ನಾನು ತಲೆ ತಗ್ಗಿಸಿ ಕೂತೆ. ಆದರೆ ಆಕೆ ಬೈಯಲಿಲ್ಲ. ಸಕ್ಕರೆ ಇದ್ದವರೂ ಗುಳಿಗೆ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಲಾರಿ ಓಡಿಸಬಹುದು ಎಂದಳು. ಜೀವ ಬಂದಂತಾಯಿತು.

"ಆದ್ರ ಕಾಲು ನೋಡಬೇಕು. ಸಕ್ಕರಿ ಬಾಳ ದಿನ ಇದ್ರ ಪಾದ ಜಡ್ಡುಗಟ್ಟತಾವು. ಬ್ರೇಕಿನ ಮ್ಯಾಲಿನ ಪಾದ ನಿಮಗ ಗೊತ್ತಾಗಬೇಕಲ್ಲ. ಚಪ್ಪಲ್ ಬಿಡ್ರಿ, ಕಣ್ಣು ಮುಚ್ರಿ. ನಾ ಮುಟ್ಟಿದಾಗೆಲ್ಲಾ 'ಹ್ಞಾಂ' ಅನ್ರಿ."

ಅವಳ ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತಂತಿ. ಎದುರಿನ ಗೋಡೆಯಲ್ಲಿ ಡ್ರೈವರುಗಳು ತಲೆ ಬಾಚಿಕೊಳ್ಳುವ ಕನ್ನಡಿ, ಕೆಳಕ್ಕೆ ಬಾಗಿದ್ದರಿಂದ ಅದರಲ್ಲಿ ನನ್ನ ಪಾದ ಕಾಣುತ್ತಿತ್ತು. ಮೂವತ್ತು ವರ್ಷ ಕನ್ನಡಿ ನೋಡಿಯೇ ಜೀವ ಉಳಿಸಿಕೊಂಡವನು ನಾನು. ರೆಪ್ಪೆ ಒಂದು ಗೆರೆಯಷ್ಟು ತೆರೆದಿದ್ದರೂ ನನಗೆ ಸಾಕು. ತಂತಿ ಪಾದದ ಹತ್ತಿರ ಹೋಯಿತು, ಬಾಗಿತು. "ಹ್ಞಾಂ." ಹೆಬ್ಬೆರಳಿಗೆ ಬಂತು. "ಹ್ಞಾಂ." ಹತ್ತಕ್ಕೆ ಹತ್ತು. ಮುಟ್ಟಿದ್ದು ಕಾಲಿಗೆ ಗೊತ್ತಾಯಿತೇ ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವುದು ನನಗೆ ಬೇಡವಾಗಿತ್ತು.

"ಚಲೋ ಐತಿ" ಎಂದು ಡಾಕ್ಟರ್ ಚೀಟಿ ಬರೆದು ಕೊಟ್ಟಳು.

ಆ ಸಂತೋಷದಲ್ಲಿ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಗೆ ಓಡಿದೆ. ಜ್ಯೋತಿಬಾನಿಗೆ ಚೀಟಿ ತೋರಿಸಿ, ಲಾರಿಗಳ ಸುತ್ತ ಒಂದು ಸುತ್ತು ಹಾಕಿ, ಸಿಕ್ಕವರಿಗೆಲ್ಲ "ಸೋಮವಾರ ದಿಲ್ಲಿ!" ಎಂದು ಸಾರಿದೆ. ಕಾಂಕ್ರೀಟಿನ ಮೇಲೆ ವಾಪಸು ಬರುವಾಗ ಹಿಂದಿನಿಂದ ಟಕ್, ಟಕ್ ಎಂದು ಸದ್ದು. ನಿಂತೆ, ಸದ್ದೂ ನಿಂತಿತು. ತಿರುಗಿದರೆ ಯಾರೂ ಇಲ್ಲ. ನಡೆದರೆ ಮತ್ತೆ ಟಕ್, ಟಕ್.

"ಯಾರಲೇ ಅದು, ಬೆನ್ನ ಹತ್ತಿದವ?" ಎಂದು ಗದರಿದೆ.

ಶಿವಗಂಗವ್ವ ಕಟ್ಟೆಯಿಂದ ಕಿರುಚಿಕೊಂಡು ಎದ್ದಳು. "ಅಯ್ಯ ನನ್ನ ಶಿವನ! ನಿಮ್ಮ ಕಾಲು!"

ಹಿಂದೆ ನೋಡಿದೆ. ನಾನು ನಡೆದು ಬಂದ ದಾರಿಯುದ್ದಕ್ಕೂ ರಕ್ತದ ಕಲೆ. ಬಲಗಾಲು ಎತ್ತಿ ನೋಡಿದರೆ ಪಾದದಲ್ಲಿ ದಪ್ಪ ತಲೆಯ ತಗಡಿನ ಮೊಳೆ, ತಲೆಯ ತನಕ ಒಳಗೆ ಹೋಗಿತ್ತು.

ಅವಳೇ ಕೂರಿಸಿ, ಹಲ್ಲು ಕಚ್ಚಿ, ಮೊಳೆ ಕಿತ್ತಳು. ಕಿತ್ತವಳು ಅತ್ತಳು, ಕೀಳಿಸಿಕೊಂಡ ನಾನು ಸುಮ್ಮನೆ ನೋಡುತ್ತಿದ್ದೆ.

"ನೋವಾಗಲಿಲ್ಲೇನ್ರಿ?"

"ದಪ್ಪ ಚರ್ಮ ಐತಿ" ಎಂದೆ.

"ಮೊಳಿ ಚಪ್ಪಲ್ದಾಗಲ್ಲ, ನಿಮ್ಮ ಮಾಂಸದಾಗ ಹೊಕ್ಕಿತ್ತು!"

ಗಣೇಶಗುಡಿಯ ಇಳಿಜಾರು ಕಣ್ಣ ಮುಂದೆ ಬಂತು. ಮುಂದೆ ಜನ ತುಂಬಿದ ಬಸ್ಸು, ನನ್ನ ಹಿಂದೆ ಅಷ್ಟೂ ಟನ್ ಕಾಗದ, ನನ್ನ ಪಾದ ಬ್ರೇಕಿನ ಮೇಲಿದೆಯೋ ಪಕ್ಕದಲ್ಲಿದೆಯೋ ನನಗೇ ಗೊತ್ತಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಲಾರಿಯೆಂದರೆ ಹೆದರಿಕೆಯಾಯಿತು. ಅಲ್ಲೇ ಕೂತು ಹೆಂಡತಿಗೆ ಎಲ್ಲ ಹೇಳಿದೆ, ನಾಗಪುರದ್ದು, ಹರಕೆಯದು, ಕನ್ನಡಿಯದು. ನಾಲ್ಕು ದಿನ ಉಪವಾಸ ಕೆಡವಿದ್ದಕ್ಕೆ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಡಾಕ್ಟರ್ ಗಾಯ ತೊಳೆದು ಪಟ್ಟಿ ಕಟ್ಟಿದಳು. "ಇನ್ನೊಮ್ಮಿ ನೋಡ್ರೀ ಡಾಕ್ಟರ್ ಬಾಯಾರ" ಎಂದೆ. "ಈ ಸಲ ಖರೇ ಖರೇ ಮುಚ್ತೇನಿ."

"ನಿಮ್ಮನ್ನ ನಂಬೂದಿಲ್ಲ" ಎಂದು ಶಿವಗಂಗವ್ವ ಹಿಂದೆ ನಿಂತು ಎರಡೂ ಅಂಗೈಯಿಂದ ನನ್ನ ಕಣ್ಣು ಮುಚ್ಚಿದಳು. ಅಂಗೈಯಲ್ಲಿ ಊದಿನಕಡ್ಡಿಯ ವಾಸನೆ. ನಾನು ಉಸಿರು ಹಿಡಿದು ಕಾದೆ. ಒಂದೇ ಒಂದು ಸಲ ಗೊತ್ತಾಗಲಿ ಶಿವನೇ ಎಂದು ಬೇಡಿಕೊಂಡೆ. ಕಾಲಿಗೆ ಏನೂ ಬರಲಿಲ್ಲ. ಕಣ್ಣ ಮೇಲಿನ ಅಂಗೈಗಳು ಇನ್ನಷ್ಟು ಬಿಗಿಯಾದದ್ದು ಗೊತ್ತಾಯಿತು. ತಲೆಯ ಮೇಲೆ ಬೆಚ್ಚಗೆ ಒಂದು ಹನಿ ಬಿದ್ದದ್ದೂ ಗೊತ್ತಾಯಿತು.

"ಶುರು ಮಾಡ್ರೀ ಬಾಯಾರ" ಎಂದೆ.

"ಮುಗೀತ್ರಿ" ಎಂದಳು ಡಾಕ್ಟರ್.

ನಾನು ಜೇಬಿನಿಂದ ಚೀಟಿ ತೆಗೆದು ಅವಳ ಮೇಜಿನ ಮೇಲಿಟ್ಟೆ.