ಹಾಲಮ್ಮ ಆರೋಗ್ಯವಾಗಿದ್ದಾರೆ

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ದಾವಣಗೆರೆಯಿಂದ ಹರಿಹರದವರೆಗೆ ಸ್ಕೂಟರಿನಲ್ಲಿ ಓಡಿದ ಕಥೆ. ನಂಬದವರು ಕೊಟ್ಟೂರೇಶನ ಸೀರೆ ಅಂಗಡಿಗೆ ಹೋಗಿ ಕೇಳಬಹುದು. ಆದರೆ ಅಲ್ಲಿಂದ ಬರಿಗೈಯಲ್ಲಿ ಹೊರಬರುವುದು ಕಷ್ಟ. ಒಂದೋ ಸೀರೆ ಕೊಳ್ಳಬೇಕು, ಇಲ್ಲವೇ ಕಾದಂಬರಿ.

ಕಾದಂಬರಿಯ ಹೆಸರು ‘ಭಾನುವಳ್ಳಿಯ ಬೀಗರು’. ಕೊಟ್ಟೂರೇಶ ಹಗಲೆಲ್ಲ ಗಿರಾಕಿಗಳೆದುರು ಸೀರೆ ಹರವಿ, ಸಂಜೆ ಅವನ್ನೆಲ್ಲ ಮಡಚಿಟ್ಟು, ಉಳಿದ ಹೊತ್ತಿನಲ್ಲಿ ಐದು ವರ್ಷ ಬರೆದದ್ದು. ಪ್ರಕಾಶಕರು ಯಾರೂ ಉತ್ತರ ಕೊಡದಿದ್ದಾಗ ತಾನೇ ಪ್ರಕಾಶಕನಾಗಿ, ತಾಯಿಯ ಹೆಸರಿನಲ್ಲಿ ‘ಮರುಳಸಿದ್ದಮ್ಮ ಪ್ರಕಾಶನ’ ತೆರೆದ. ಪುಟ ಜೋಡಿಸುವುದು, ಮುಖಪುಟ, ಬೆನ್ನುಡಿ, ಲೇಖಕನ ಬೆನ್ನು ತಟ್ಟುವುದು ಎಲ್ಲವೂ ಕಾಲೇಜಿನ ಕಾಲದ ಗೆಳೆಯ ನೌಮಾನನ ಕೆಲಸ.

ನೌಮಾನನಿಗೆ ಜಯದೇವ ವೃತ್ತದ ಹಿಂದಿನ ಓಣಿಯಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರು, ಅಂಗಡಿ ಉದ್ಘಾಟನೆಯ ಕರಪತ್ರ. ಊರಿನ ಹುಟ್ಟು ಸಾವು ಹೊಟ್ಟೆಪಾಡೆಲ್ಲ ಅವನ ಪ್ರಿಂಟರಿನಿಂದಲೇ ಹೊರಬರಬೇಕು. ಕೈ ಕೀಲಿಮಣೆಯ ಮೇಲಿದ್ದರೂ ಬಾಯಿ ಮಾತ್ರ ಸದಾ ಬೇರೆಯವರದು. ಬಸ್ ಕಂಡಕ್ಟರು, ಮಂಡಿಯ ದಲ್ಲಾಳಿ, ತನ್ನದೇ ಮಾವ, ಯಾರ ದನಿ ಬೇಕಾದರೂ ಬರುತ್ತಿತ್ತು. ಅವನ ಕೈವಾಡ, ಅಂದರೆ ಬಾಯಿವಾಡ, ಹೆಚ್ಚು ಫಲಿಸಿದ್ದು ಹರಿಹರದ ಕಾಲೇಜಿನಲ್ಲಿ ಇಬ್ಬರಿಗೂ ಕನ್ನಡ ಕಲಿಸಿದ ಕಲ್ಲೇಶಪ್ಪ ಮೇಷ್ಟ್ರ ಮೇಲೆ. ಒಮ್ಮೆ ಮೇಷ್ಟ್ರು ತರಗತಿಯ ಬಾಗಿಲವರೆಗೆ ಬಂದು, ಒಳಗೆ ತಾವು ಆಗಲೇ ಪಾಠ ಶುರು ಮಾಡಿಬಿಟ್ಟಿರುವುದನ್ನು ಕೇಳಿ ವಾಪಸ್ ಹೋದರೆಂದು ಆಗಿನ ಹುಡುಗರು ಇವತ್ತಿಗೂ ಆಣೆ ಹಾಕಿ ಹೇಳುತ್ತಾರೆ.

ಅದೇ ಮೇಷ್ಟ್ರು ಭಾನುವಾರ ಹರಿಹರದಲ್ಲಿ ಪುಸ್ತಕ ಬಿಡುಗಡೆ ಮಾಡಿ ಮಾತಾಡಲು ಒಪ್ಪಿದ್ದರು. ಕೊಟ್ಟೂರೇಶನಿಗೆ ಅದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ. ತನ್ನ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ಅದ್ದಿ ತೆಗೆದಂತೆ ಹಿಂತಿರುಗಿಸುತ್ತಿದ್ದ ಮನುಷ್ಯ ನಾಲ್ಕು ಜನರೆದುರು “ಪರವಾಗಿಲ್ಲ” ಅಂದರೆ ಅವನಿಗೆ ಅಷ್ಟೇ ಸಾಕಾಗಿತ್ತು.

ಮೇಷ್ಟ್ರಿಗೆಂದು ಒಂದು ಪ್ರತಿ ನಾಲ್ಕು ದಿನ ಮೊದಲೇ ಹೋಗಿತ್ತು. ಗುರುವಾರ ಪ್ರೆಸ್ಸಿನಿಂದ ಉಳಿದ ಕಟ್ಟುಗಳು ಬಂದವು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಎದುರಿಗಿಟ್ಟುಕೊಂಡು ನೌಮಾನ್ ಮೊದಲ ಸಲ ಕಾದಂಬರಿ ಓದಲು ಕೂತ. ಹೌದು, ಮೊದಲ ಸಲ. ತಿಂಗಳ ಹಿಂದೆ ಕೊಟ್ಟೂರೇಶ, “ಕರಡು ಪೂರ್ತಿ ಓದಿದ್ಯೇನಲೇ?” ಎಂದು ಕೇಳಿದಾಗ, “ಎರಡು ಸಲ ಓದೀನಿ ಕಣೋ, ಬೆಂಕಿ ಐತೆ!” ಎಂದಿದ್ದ. ಬೆಂಕಿಯ ಹತ್ತಿರಕ್ಕೂ ಸುಳಿದಿರಲಿಲ್ಲ.

ಐದನೇ ಅಧ್ಯಾಯದಲ್ಲಿ ನಾಯಕನ ತಾಯಿ ಹಾಲಮ್ಮ ತೀರಿಕೊಂಡಳು. ಇಡೀ ಭಾನುವಳ್ಳಿ ಮಣ್ಣಿಗೆ ಬಂತು. ಹಗೆಯವರೂ ಬಂದು ಅತ್ತರು. ನೌಮಾನನ ಕಣ್ಣೂ ಒದ್ದೆಯಾಯಿತು. ಅದರಲ್ಲಿ ಮೆಣಸಿನಕಾಯಿಯ ಪಾಲೂ ಇತ್ತು. ಹನ್ನೊಂದನೇ ಅಧ್ಯಾಯದಲ್ಲಿ ನಾಯಕನ ಮದುವೆ. ಅಲ್ಲಿ ಹಾಲಮ್ಮ ಸೆರಗು ಸಿಕ್ಕಿಸಿಕೊಂಡು, ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ, ತುಪ್ಪ ಹಾಕಲು ಜುಗ್ಗತನ ಮಾಡಿದವನನ್ನು ಬಾಯಿ ತುಂಬ ಬೈಯುತ್ತಿದ್ದಳು.

ನೌಮಾನ್ ಪುಟ ಹಿಂದೆ ತಿರುಗಿಸಿದ. ಸತ್ತದ್ದು ನಿಜ. ಮುಂದೆ ತಿರುಗಿಸಿದ. ತುಪ್ಪವೂ ನಿಜ. ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ನಗು ನಿಂತ ಮೇಲೆ, ಇದನ್ನು ಗೆಳೆಯನಿಗೆ ತಿಳಿಸುವುದು ಹೇಗೆಂದು ಯೋಚಿಸಿದ. ತಿಳಿಸುವ ಮೊದಲು ಎರಡು ನಿಮಿಷ ಆಟ ಆಡಿಸಿದರೆ ತಪ್ಪೇನು? ಕೊಟ್ಟೂರೇಶನಿಗೆ ಗೊತ್ತಿಲ್ಲದ ಹೊಸ ನಂಬರಿನಿಂದ ಫೋನ್ ಮಾಡಿ ಗಂಟಲು ಕ್ಯಾಕರಿಸಿದ.

“ಏನಪಾ ಮಹಾನುಭಾವ, ನಾನು ಕಲ್ಲೇಶಪ್ಪ.”

ಆ ಕಡೆ ಕೊಟ್ಟೂರೇಶ ಎದ್ದು ನಿಂತದ್ದು ಕುರ್ಚಿಯ ಸದ್ದಿನಿಂದಲೇ ತಿಳಿಯಿತು. “ನಮಸ್ಕಾರ ಸಾರ್! ಪುಸ್ತಕ ಓದಿದ್ರಾ ಸಾರ್?”

“ಓದ್ದೆ. ಭಾನುವಾರ ಬರ್ತೀನಿ. ಆದ್ರೆ ವೇದಿಕೆ ಮೇಲೆ ನನ್ನ ಪಕ್ಕಕ್ಕೆ ಹಾಲಮ್ಮನ್ನೂ ಕೂಡ್ರಿಸ್ಬೇಕು. ಒಂದು ಮಾತು ಕೇಳೋದೈತೆ.”

“ಏನ್ ಸಾರ್?”

“ಮಣ್ಣಾದ ಮ್ಯಾಲೆ ಎದ್ದು ಬಂದು ಹೋಳಿಗೆ ಹೆಂಗ್ ಬಡಿಸಿದ್ಯವ್ವಾ ಅಂತ! ನಮ್ಮನ್ಯಾಗೆ ಬದುಕಿರೋರೇ ಬಡಿಸಲ್ಲಪ!”

ನೌಮಾನ್ ತನ್ನ ದನಿಗೆ ಮರಳಿ “ಲೇ ಕೊಟ್ರ್ಯಾ, ನಾನ್ ಕಣಲೇ” ಎನ್ನುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಓಡಿ ಸೀರೆ ಅಂಗಡಿಗೆ ಹೋದ. ಬಾಗಿಲು ಹಾಕಿತ್ತು. ಮನೆಗೆ ಹೋದ. ಕೊಟ್ಟೂರೇಶನ ಹೆಂಡತಿ ವಾಣಿ ಹೊಸ್ತಿಲಲ್ಲೇ ನಿಂತಿದ್ದಳು.

“ಏನಾತಣ್ಣ ಇವರಿಗೆ? ಬಂದ್ರು, ಪುಸ್ತಕ ತೆಗೆದು ನೋಡಿದ್ರು, ಹಣೆ ಬಡಕೊಂಡ್ರು. ಬಿಡುಗಡೇನೂ ಬ್ಯಾಡ, ಏನೂ ಬ್ಯಾಡ, ಮೇಷ್ಟ್ರ ಕಾಲಿಗೆ ಬಿದ್ದು ಬರ್ತೀನಿ ಅಂತ ಹರಿಹರಕ್ಕೆ ಹೋದ್ರು.”

ನೌಮಾನ್ ನಡೆದದ್ದನ್ನು ಹೇಳಿದ. ಒಳಗೆ ಸೊಪ್ಪು ಸೋಸುತ್ತಿದ್ದ ಕೊಟ್ಟೂರೇಶನ ತಾಯಿ ಮರುಳಸಿದ್ದಮ್ಮ ಎದ್ದು ಬಂದರು.

“ತಪ್ಪು ಅವಂದಲ್ಲಪ, ನಂದು. ದಿನಾ ಊಟಕ್ಕೆ ಕುಂತಾಗ ಓದಿ ಹೇಳ್ತಿದ್ದ. ಹೆಸರು ಹಾಲಮ್ಮ ಅಂತ ಇಟ್ರೇನು, ಮಾತೆಲ್ಲ ನಂದೇ, ಬೈಗುಳ ಎಲ್ಲ ನಂದೇ. ಒಂದಿನ ಸಾಯಿಸ್ಬಿಟ್ಟ! ‘ಮಗನ ಲಗ್ನ ನೋಡೋಕೂ ಬಿಡದಂಗೆ ಮಣ್ಣಿಗೆ ಹಾಕಿದ್ಯಲ್ಲೋ’ ಅಂತ ತಟ್ಟೆ ಎಳಕೊಂಡೆ. ರೊಟ್ಟಿ ಹಾಕಲಿಲ್ಲ. ಮಾರನೇ ದಿನ ಲಗ್ನದ ಅಧ್ಯಾಯಾನೇ ಮೊದಲು ಬರೆದು ಓದ್ದಾಗ ಬದುಕಿದ್ದೆ, ಹೋಳಿಗೆ ಬಡಿಸ್ತಿದ್ದೆ. ಬದುಕಿಸಿದ ಗಡಿಬಿಡಿಯಾಗೆ ಸತ್ತಿದ್ದನ್ನ ತೆಗಿಯೋದು ಮರೆತಾನ ಕಾಣ್ತತೆ.”

“ನಾನೂ ಓದಬೇಕಿತ್ತಮ್ಮ,” ಎಂದ ನೌಮಾನ್. ಈ ಸಲ ದನಿ ಅವನದ್ದೇ.

“ಗಾಡಿ ತೆಗಿ. ನಾನೇ ಬಂದು ಮೇಷ್ಟ್ರಿಗೆ ಹೇಳ್ತೀನಿ.”

ಸ್ಕೂಟರು ಹೊರಟಿತು. ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂತ ಮರುಳಸಿದ್ದಮ್ಮ, ಲಾರಿ ಹತ್ತಿರ ಬಂದಾಗಲೆಲ್ಲ ಅವನ ಭುಜ ಹಿಡಿದು, “ನಿಧಾನ ನಡೆಸಪ್ಪ, ಒಂದು ಸಲ ಸತ್ತಿದ್ದು ಸಾಕು!” ಎನ್ನುತ್ತಿದ್ದರು.

ನದಿಯ ಕಡೆಯ ಮೇಷ್ಟ್ರ ಮನೆಗೆ ಇವರು ಮುಟ್ಟುವ ಹೊತ್ತಿಗೆ ಕೊಟ್ಟೂರೇಶ ನಡುಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಎದುರಿಗೆ, ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ ಮೇಷ್ಟ್ರು ಸಿಟ್ಟಿನಿಂದ ಎದ್ದು ನಿಂತಿದ್ದರು. ಪಕ್ಕದಲ್ಲಿ ಅವರ ಸೊಸೆ ಸ್ನೇಹಾ, ಪುಸ್ತಕದ ನಡುವೆ ಬೆರಳಿಟ್ಟುಕೊಂಡು.

“ಮಹಾನುಭಾವ!” ಮೇಷ್ಟ್ರು ಗುಡುಗುತ್ತಿದ್ದರು. “ಇನ್ನೂ ಮೂರನೇ ಅಧ್ಯಾಯದಾಗೆ ಇದ್ದೀವಿ ಕಣೋ! ನನ್ನ ಕಣ್ಣು ಹಿಂಗಾಗೈತಂತ ಸ್ನೇಹಾ ದಿನಾ ಓದಿ ಹೇಳ್ತಾಳೆ. ಈಗಿನ್ನೂ ಹಾಲಮ್ಮ ಹೆಣ್ಣು ನೋಡಾಕೆ ಹೊಂಟಾಳೆ. ಅಷ್ಟರಾಗೆ ನೀ ಬಂದು ಸತ್ತಳು ಅಂತೀಯಲ್ಲ!”

“ಸಾರ್, ನೀವೇ ಫೋನ್ ಮಾಡಿ...”

“ನಾನ್ಯಾವಾಗ ಮಾಡಿದ್ನೋ?”

ಕೊಟ್ಟೂರೇಶ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ಅಲ್ಲಿ ನಿಂತಿದ್ದ ಗೆಳೆಯನ ಮುಖ ನೋಡಿದ. ಆಮೇಲೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

“ಓದಿದೀನಿ ಅಂದಿದ್ಯಲ್ಲ,” ಎಂದ ಕೊಟ್ಟೂರೇಶ, ಮೆಲ್ಲಗೆ. “ಎರಡು ಸಲ ಅಂದಿದ್ಯಲ್ಲ ನೌಮಾನ್.”

ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ನೌಮಾನನಿಗೆ. “ಇವತ್ತೇ ಮೊದಲು ಕಣೋ. ಆದ್ರೆ ಒಂದ್ ಮಾತು. ಹಾಲಮ್ಮ ಸತ್ತಾಗ ಅತ್ತೆ. ಎದ್ದು ಬಂದಾಗ ಖುಷಿ ಆತು. ನಕ್ಕಿದ್ದು ಅದಾದ ಮ್ಯಾಲೆ.”

ಮೇಷ್ಟ್ರು ದನಿ ಬಂದ ದಿಕ್ಕಿಗೆ ಕನ್ನಡಕ ತಿರುಗಿಸಿದರು. “ನೌಮಾನನೇನೋ? ಆವತ್ತು ನನ್ನ ಕ್ಲಾಸು ಕದ್ದಿದ್ದೂ ನೀನೇ ತಾನೆ? ಎಲ್ಲಿ, ಫೋನಿನಾಗೆ ಹೆಂಗಂದಿ ಹೇಳು.”

ನೌಮಾನ್ ಇದ್ದದ್ದಿದ್ದಂತೆ ಹೇಳಿದ, ಕ್ಯಾಕರಿಕೆ ಸಮೇತ. ಬಡಿಸುವ ವಿಷಯ ಬಂದಾಗ ಸ್ನೇಹಾ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. “ಅಡ್ಡಿಯಿಲ್ಲ. ನಾನು ಇಷ್ಟು ಮೂಗಿನಾಗೆ ಮಾತಾಡಲ್ಲ,” ಎಂದರು ಮೇಷ್ಟ್ರು, ಥೇಟು ಮೂಗಿನಲ್ಲಿ.

“ನಗಾಡಿದ್ದು ಸಾಕು, ನನ್ನ ಗತಿ ಏನು ಹೇಳ್ರಿ,” ಎಂದರು ಮರುಳಸಿದ್ದಮ್ಮ, ಸೆರಗು ಸರಿಮಾಡಿಕೊಳ್ಳುತ್ತ. “ಸತ್ತೀನೋ, ಬದುಕೀನೋ?”

ಮೇಷ್ಟ್ರು ಕೈಮುಗಿದರು. “ನೀವೇ ಏನ್ರಮ್ಮ ಹಾಲಮ್ಮ? ಕೂಡ್ರಿ, ಕೂಡ್ರಿ. ಸ್ನೇಹಾ, ಚಹಾ ಇಡಮ್ಮ. ಲೇ ಕೊಟ್ಟೂರೇಶ, ನೀ ಕಾಲೇಜಿನಾಗೆ ಬರೆದಿದ್ದು ತಿದ್ದಿ ನನಗೆ ಕೈನೋವು ಬಂದಿತ್ತು. ಈಗ ದಿನಾ ಮಧ್ಯಾಹ್ನ ಯಾವಾಗಾಗ್ತತಿ, ಹಾಲಮ್ಮ ಏನಂತಾಳೆ ಅಂತ ಕಾಯ್ತೀನಿ. ಭಾನುವಾರ ಬಿಡುಗಡೆ ಆಗ್ಬೇಕು. ಹಾಲಮ್ಮ ಉಳೀಬೇಕು. ಹೆಂಗ್ ಉಳಿಸ್ತೀಯೋ ನೀನೇ ನೋಡು.”

ಕೊಟ್ಟೂರೇಶನ ಕತ್ತು ಆ ದಿನ ಮೊದಲ ಸಲ ನೆಟ್ಟಗಾಯಿತು. ಆದರೂ ಅನುಮಾನ. “ಸಾರ್, ಇದೂ ನೀವೇ ಹೇಳಿದ್ದಾ? ಇವನಲ್ಲ ತಾನೆ?”

ನೌಮಾನ್ ಎರಡೂ ಕೈಗಳಿಂದ ಬಾಯಿ ಮುಚ್ಚಿ ತೋರಿಸಿದ.

“ಪುಸ್ತಕ ಮತ್ತೆ ಅಚ್ಚು ಮಾಡ್ಸೋಕೆ ಆಗಲ್ಲ,” ಎಂದ ಬಾಯಿ ಬಿಟ್ಟಮೇಲೆ. “ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕ್ತೀನಿ. ಎಲ್ಲ ಪ್ರತಿಗೂ ನಾನೇ ಅಂಟಿಸ್ತೀನಿ. ಏನಂತ ಹಾಕ್ಲಿ ಹೇಳು.”

ಎಲ್ಲರೂ ಯೋಚಿಸಿದರು. ಸ್ನೇಹಾ, “ಆ ಅಧ್ಯಾಯ ಓದಬ್ಯಾಡ್ರಿ ಅಂತ ಹಾಕಿ,” ಎಂದಳು. “ಹಂಗಂದ್ರೆ ಅದನ್ನೇ ಮೊದಲು ಓದ್ತಾರೆ,” ಎಂದರು ಮೇಷ್ಟ್ರು. ಮರುಳಸಿದ್ದಮ್ಮ ಚಹಾದ ಬಟ್ಟಲು ಕೆಳಗಿಟ್ಟರು.

“ಅದಕ್ಕೇನು ಇಷ್ಟು ಯೋಚ್ನೆ? ಆ ಸುದ್ದಿ ಸುಳ್ಳು ಅಂತ ಹಾಕ್ರಿ. ಯಾರೋ ಆಗದೋರು ಹಬ್ಬಿಸಿದ್ದು.”

ನೌಮಾನ್ ಫೋನು ತೆಗೆದು, ಬರೆಯುತ್ತಲೇ ಓದಿದ, ವಾರ್ತೆ ಓದುವವರ ಗಂಭೀರ ದನಿಯಲ್ಲಿ: “ತಿದ್ದುಪಡಿ. ಐದನೇ ಅಧ್ಯಾಯದಲ್ಲಿ ಹಾಲಮ್ಮನವರು ತೀರಿಕೊಂಡರೆಂದು ಪ್ರಕಟವಾಗಿರುವುದು ಶುದ್ಧ ಸುಳ್ಳು ಸುದ್ದಿ. ಆಕೆ ಆರೋಗ್ಯವಾಗಿದ್ದು, ಸದ್ಯ ಮಗನ ಮದುವೆಯ ಅಡುಗೆಮನೆಯ ಉಸ್ತುವಾರಿಯಲ್ಲಿದ್ದಾರೆ.”

ಮೇಷ್ಟ್ರು ತೊಡೆ ತಟ್ಟಿದರು. ಸ್ನೇಹಾಳ ಕೈಯಲ್ಲಿದ್ದ ಚಹಾ ತುಳುಕಿತು. ಕೊಟ್ಟೂರೇಶ ಮಾತ್ರ ನಗಲಿಲ್ಲ. ಹುಬ್ಬು ಗಂಟು ಹಾಕಿ, ಐದು ವರ್ಷ ಕಾದಂಬರಿ ಬರೆಯುವಾಗ ಕೂತಂತೆಯೇ ಕೂತಿದ್ದ.

“ಇದು ಸಾಲಲ್ಲ,” ಎಂದ.

“ಯಾಕಲೇ?”

“ಮಣ್ಣಿಗೆ ಅಂತ ಇಡೀ ಊರು ಬಂದೈತಲ್ಲ? ಅವರನ್ನ ಏನ್ ಮಾಡೋದು? ಹಂಗೇ ನಿಲ್ಲಿಸೋಕಾಗುತ್ತೇನು?” ಗೆಳೆಯನ ಕೈಯಿಂದ ಫೋನು ಕಿತ್ತುಕೊಂಡು ತಾನೇ ಬರೆದ. ಬರೆದದ್ದನ್ನು ಲಗ್ನಪತ್ರಿಕೆಯ ವರಸೆಯಲ್ಲಿ ಗಟ್ಟಿಯಾಗಿ ಓದಿದ: “ಅಂತ್ಯಕ್ರಿಯೆಗೆಂದು ಆಗಮಿಸಿರುವ ಬಂಧುಮಿತ್ರರು ದಯಮಾಡಿ ಹಿಂತಿರುಗದೆ, ಹನ್ನೊಂದನೇ ಅಧ್ಯಾಯದವರೆಗೆ ತಂಗಿದ್ದು, ಹೋಳಿಗೆ ಊಟ ಮುಗಿಸಿಕೊಂಡು, ತುಪ್ಪ ಕೇಳಿ ಹಾಕಿಸಿಕೊಂಡು...”

ಮುಂದಿನದನ್ನು ಓದಲಾಗಲಿಲ್ಲ. ಮೊದಲು ಭುಜ ಕುಣಿದವು, ಆಮೇಲೆ ಹೊಟ್ಟೆ. ಮೇಷ್ಟ್ರ ನಗು, ಅವ್ವನ ನಗು, ನೌಮಾನನ ಅಷ್ಟೂ ದನಿಗಳ ನಗು ಒಟ್ಟಿಗೆ ಸೇರಿದರೂ ಕೊಟ್ಟೂರೇಶನ ಒಂದು ನಗುವಿನ ಮುಂದೆ ಏನೇನೂ ಕೇಳಿಸಲಿಲ್ಲ.