ಮೂವತ್ತೆರಡನೇ ವಾರ

ಸಹಿ ಇನ್ನೂ ಬಂದಿರಲಿಲ್ಲ. ಬೆಳಗಿನಿಂದ ಹನ್ನೊಂದನೇ ಸಲ ಅವನು ಕಂಪ್ಯೂಟರಿನಲ್ಲಿ ಆ ಪುಟ ತೆರೆದು ನೋಡಿದ. ಸರೋವರದ ದಂಡೆಯ ಏಳನೇ ಮನೆ, ವರ್ಷದ ಮೂವತ್ತೆರಡನೇ ವಾರ, ಒಡೆಯರು ಇಬ್ಬರು. ಅವನ ಹೆಸರಿನ ಮುಂದೆ ಸಹಿ ಇತ್ತು. ಹೆಂಡತಿಯ ಹೆಸರಿನ ಮುಂದೆ ಖಾಲಿ.

ಐದು ಗಂಟೆಯೊಳಗೆ ಅವಳೂ ಹಾಕದಿದ್ದರೆ ಆ ವಾರ ಪಾಯಿಂಟಿನವರ ಪಾಲು. ಈ ನಿಯಮ ಬರೆದವನು ಅವನೇ.

ರಜೆಯ ಮನೆಗಳ ಈ ಕಂಪನಿಯಲ್ಲಿ ಅವನು ಬುಕಿಂಗ್ ಅಧಿಕಾರಿ. ಸದಸ್ಯರಲ್ಲಿ ಎರಡು ಪಂಗಡ. ವಾರದವರು ಇಂಥದೇ ಮನೆ, ಇಂಥದೇ ವಾರ ಎಂದು ಜೀವಮಾನಕ್ಕೆ ಕೊಂಡವರು. ಪಾಯಿಂಟಿನವರು ವರ್ಷಕ್ಕಿಷ್ಟು ಪಾಯಿಂಟು ಪಡೆದು ಎಲ್ಲಿ ಖಾಲಿಯೋ ಅಲ್ಲಿ ನುಗ್ಗುವವರು. ನಮ್ಮ ವಾರಕ್ಕೆ ಕಣ್ಣು ಹಾಕುತ್ತಾರೆಂದು ವಾರದವರ ದೂರು. ಒಳ್ಳೆಯ ವಾರಗಳಿಗೆಲ್ಲ ಬೀಗ ಜಡಿದು ತಾವೂ ಬರುವುದಿಲ್ಲವೆಂದು ಪಾಯಿಂಟಿನವರ ದೂರು. ಇಬ್ಬರ ನಡುವೆ ತಲೆ ಚಿಟ್ಟು ಹಿಡಿದಾಗ ಅವನು ಬರೆದಿದ್ದ: ಅರವತ್ತು ದಿನ ಮೊದಲು ಒಡೆಯರೆಲ್ಲರೂ ಸಹಿ ಹಾಕಬೇಕು, ಇಲ್ಲವಾದರೆ ವಾರ ಮುಕ್ತ. ಬಹಳ ನ್ಯಾಯವಾಗಿದೆ ಎಂದು ಮೇಲಿನವರು ಬೆನ್ನು ತಟ್ಟಿದ್ದರು.

ಹೆಂಡತಿ ಬೇರೆ ಮನೆ ಮಾಡಿ ಮೂರು ವರ್ಷವಾಗಿತ್ತು. ಆದರೂ ಈ ವಾರಕ್ಕೆ ಬರುತ್ತಿದ್ದಳು. ಕೊಂಡದ್ದು ಇಬ್ಬರೂ ತಾನೇ, ಬಿಡುವುದೇಕೆ ಎನ್ನುತ್ತಿದ್ದಳು. ಏಳು ದಿನ ವರಾಂಡದ ಎರಡು ಬೆತ್ತದ ಕುರ್ಚಿಗಳಲ್ಲಿ ಕೂತು ನೀರು ನೋಡುತ್ತಿದ್ದರು. ಮಾತು ಅಷ್ಟಕ್ಕಷ್ಟೇ. ಹೋದ ವರ್ಷ ಒಮ್ಮೆ, ತಿರುಗಿಯೂ ನೋಡದೆ, 'ನಿಮ್ಮ ಟೀ ಆರ್ತಿದೆ' ಎಂದಿದ್ದಳು. ಆ ಒಂದು ಮಾತನ್ನು ಅವನು ವರ್ಷವಿಡೀ ಜೋಪಾನ ಮಾಡಿದ್ದ.

ಮೂರು ಗಂಟೆಗೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ವಾರದವರು. ಜೊತೆಯ ಒಡೆಯನಾದ ಅವರ ತಮ್ಮ ಸಹಿ ಹಾಕಲು ಎರಡು ದಿನ ತಡಮಾಡಿದ್ದ. ಅಷ್ಟರಲ್ಲಿ ವಾರ ಕೈತಪ್ಪಿತ್ತು. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಮನೆ ಎಂದರು. ಅವನು ಎಲ್ಲರಿಗೂ ಹೇಳುವುದನ್ನೇ ಹೇಳಿದ.

"ನಿಯಮ ಎಲ್ರಿಗೂ ಒಂದೇ ಸಾರ್."

"ನಿಮಗೂನಾ?"

ಅವನು ನಕ್ಕ. ಅವರು ನಗಲಿಲ್ಲ, ಕುರ್ಚಿ ಓರೆ ಮಾಡಿ ಎದ್ದು ಹೋದರು.

ನಾಲ್ಕೂವರೆಗೆ ತಡೆಯಲಾರದೆ ಹೆಂಡತಿಗೆ ಫೋನು ಮಾಡಿದ.

"ಇವತ್ತು ಕೊನೇ ದಿನ."

"ಗೊತ್ತು."

"ಸಹಿ ಮರೆತ್ಯಾ?"

"ಇಲ್ಲ."

"ಹಾಗಾದ್ರೆ ಬರಲ್ವಾ?"

"ಹಾಗಂದ್ನಾ ನಾನು?" ಅವಳ ಹಿಂದೆ ನಲ್ಲಿಯ ಸದ್ದು. "ಐದಕ್ಕೆ ಸರಿಯಾಗಿ ಮುಕ್ತ ಆಗುತ್ತೆ ಅಲ್ವಾ?"

"ಆಗುತ್ತೆ."

"ಸರಿ. ಕೆಲಸ ನೋಡಿ."

ಅವನಿಗೆ ಹೋದ ಜೀವ ಬಂದಂತಾಯಿತು. ಬರುವುದಿಲ್ಲ ಎನ್ನಲಿಲ್ಲವಲ್ಲ. ಕೊನೆಯ ಗಳಿಗೆಯವರೆಗೆ ಎಳೆಯುವುದು ಅವಳ ಹುಟ್ಟುಗುಣ.

ಪುಟದ ಮೂಲೆಯಲ್ಲಿ 'ತಡೆಹಿಡಿ' ಎಂಬ ಗುಂಡಿ. ಒತ್ತಿದರೆ ಇನ್ನೂ ಹತ್ತು ದಿನ ವಾರ ಉಳಿಯುತ್ತದೆ. ಅಧಿಕಾರಿಯನ್ನು ಕೇಳುವವರು ಯಾರೂ ಇಲ್ಲ. ಅವನ ಬೆರಳು ಅಲ್ಲಿಯವರೆಗೂ ಹೋಯಿತು. ಹೆಡ್‌ಮಾಸ್ಟರರ ಮುಖ ಅಡ್ಡ ಬಂತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ತಿಳಿದರೆ ಎಂಬ ನಾಚಿಕೆ. ಅವಳು ತಾನಾಗಿ ಬರಬೇಕಿತ್ತು. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಐದಾಯಿತು. ಬೂದುಬಣ್ಣದ ಮೂವತ್ತೆರಡನೇ ವಾರ ಹಸಿರಿಗೆ ತಿರುಗಿ ಮುಕ್ತವಾಯಿತು. ನಿಮಿಷವೂ ಆಗಿರಲಿಲ್ಲ, ಬುಕ್ ಆಗಿ ಕೆಂಪಾಯಿತು. ಯಾರೋ ಪಾಯಿಂಟಿನವರು ಹೊಂಚು ಹಾಕಿ ಕೂತಿದ್ದರು ಎಂದುಕೊಂಡು ವಿವರ ತೆರೆದ.

ಪಾಯಿಂಟಿನ ಹೊಸ ಸದಸ್ಯೆ, ಸೇರಿ ತಿಂಗಳಾಗಿದೆ. ಹೆಸರು ಅವನ ಹೆಂಡತಿಯದು, ಮದುವೆಗೆ ಮುಂಚಿನದು. ಬರುವವರ ಸಂಖ್ಯೆ ಒಂದು.

ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಕೆಳಗೆ ವಿಶೇಷ ಕೋರಿಕೆಯ ಸಾಲಿನಲ್ಲಿ ಅವಳು ಬರೆದಿದ್ದಳು: ವರಾಂಡದಲ್ಲಿ ಒಂದೇ ಕುರ್ಚಿ ಸಾಕು, ಇನ್ನೊಂದನ್ನು ತೆಗೆಸಿಬಿಡಿ.

ಇಂಥ ಕೋರಿಕೆಗಳನ್ನು ಅದೇ ದಿನ ಮಂಜೂರು ಮಾಡಿ ಕಳಿಸುವುದು ಅವನ ಕೆಲಸ. ಅವನು ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಕೂತ.

ಕಸ ಗುಡಿಸುವವಳು ಒಳಗೆ ಬಂದಳು. ದಾರಿಗಡ್ಡವಾಗಿ ಓರೆಯಾಗಿದ್ದ ಎದುರಿನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿದಳು.

"ಇದನ್ನ ತೆಗೀಲಾ ಸಾರ್?"

ಅವನು ಪರದೆಯ ಮೇಲಿನ ಕೋರಿಕೆಯನ್ನು ಮತ್ತೊಮ್ಮೆ ಓದಿದ. ಅವಳು ಖಾಲಿ ಕುರ್ಚಿಯನ್ನು ಎತ್ತಿ ಹಿಡಿದುಕೊಂಡೇ ಕಾಯುತ್ತ ನಿಂತಳು.